ಅರ್ಧಕ್ಕೆ ಎದ್ದು ಬಂದ ಸಿನಿಮಾ

ಅವ್ವಾ,

ನೀನು ಹೋದ ಮೇಲೆ ಈ ಒಂದು ವರ್ಷ, ಕುಶಾಲನಗರದ ನನ್ನ ರೂಮಿನಲ್ಲಿ ಕೂತು ದಿನಕ್ಕೊಂದು ಸಿನಿಮಾ ನೋಡಿದೆ. ದೋಣಿಗಾಗಿ ಜಗಳವಾಡುವ ಇಬ್ಬರು ಮುದುಕರ ಮಲಯಾಳಂ ಸಿನಿಮಾ, ಮಾತೇ ಇಲ್ಲದ ಜಪಾನಿನದೊಂದು ಬಹಳ ಹಿಡಿಸಿದವು. ಆದರೆ ಹುಡುಕುತ್ತಿದ್ದದ್ದು, ಚೆಟ್ಟಳ್ಳಿ ತೋಟದಲ್ಲಿ ಕಾಫಿ ಕುಯ್ಯುತ್ತಾ ಹೆಂಗಸರಿಗೆಲ್ಲ ನೀನು ಕಥೆ ಹೇಳುತ್ತಿದ್ದ ಸಿನಿಮಾಗಳನ್ನು.

ಇವತ್ತು ಒಂದು ಸಿಕ್ಕಿತು. ಮುನಿಸಿಕೊಂಡು ಮನೆ ಬಿಟ್ಟ ಮಗಳ ಕಥೆ. ಕೊನೆಯಲ್ಲಿ ಮಗಳು ಬರುತ್ತಾಳೆ, ತಾಯಿ ಏನೂ ಕೇಳದೆ ಅನ್ನ ಬಡಿಸುತ್ತಾಳೆ ಅಂದಿದ್ದೆಯಲ್ಲ? ಇದರಲ್ಲಿ ಅವಳು ಬರುವ ಹೊತ್ತಿಗೆ ಮನೆಗೆ ಬೀಗ ಬಿದ್ದಿದೆ. ಬೇರೆ ಯಾವುದನ್ನೋ ನೋಡಿದೆನೇನೋ ಎಂದು ಮತ್ತೆ ಹಾಕಿದೆ. ಅದೇ ಬೀಗ.

ನಿನ್ನ ಜೊತೆ ಮಡಿಕೇರಿಗೆ ಸಿನಿಮಾಕ್ಕೆ ಹೋಗುತ್ತಿದ್ದ ಸಾಕಮ್ಮತ್ತೆಗೆ ಫೋನ್ ಮಾಡಿ ಕೇಳಿದೆ. ನಕ್ಕಳು.

“ಕೊನೆ ಎಲ್ಲಿ ನೋಡಿದ್ವಿ ಮಗಾ? ಲಾಸ್ಟ್ ಬಸ್ಸು ಹೊಂಟೋಯ್ತದೆ ಅಂತ ಪ್ರತಿ ಸಲ ಅರ್ಧಕ್ಕೇ ಎದ್ದು ಓಡ್ತಿದ್ವಿ. ಮಿಕ್ಕಿದ್ದನ್ನ ನಿಮ್ಮವ್ವನೇ ಬಸ್ಸಲ್ಲಿ ಕೂತ್ಕಂಡು ಕಟ್ಟೋಳು.”

ಈಗ ನನಗೆ ಇಷ್ಟವಾದ ಸಿನಿಮಾ ಯಾವುದೆಂದೇ ತಿಳಿಯುತ್ತಿಲ್ಲ. ಅವರು ತೆಗೆದದ್ದೋ, ನೀನು ಕಟ್ಟಿದ್ದೋ? ಯಾವುದನ್ನು ನಂಬಲಿ?

ಫೋನ್ ಇಡುವ ಮುಂಚೆ ಅತ್ತೆ ಇನ್ನೊಂದು ಮಾತು ಹೇಳಿದಳು. “ನಿಮ್ಮವ್ವ ಮಡಿಕೇರಿ ಆಸ್ಪತ್ರೇಲಿ ಮಲಗಿದ್ದಾಗ ನರ್ಸಮ್ಮಂಗೂ ಅದೇ ಕಥೆ ಹೇಳ್ತಿದ್ಲು ಕಣವ್ವ. ಮಗಳು ಬರೋ ಜಾಗ ಬಂದ್ರೆ ಬಾಗ್ಲು ಕಡೆ ನೋಡೋಳು.”

ಕುಶಾಲನಗರದಿಂದ ಮಡಿಕೇರಿಗೆ ದಿನವಿಡೀ ಬಸ್ಸಿದೆ, ಅವ್ವಾ. ಆಗಲೂ ಇತ್ತು, ನಾನೇ ಹತ್ತಲಿಲ್ಲ.