ಇವತ್ತು ಟಿಲ್ಲರ್ ನೀನೇ ಸ್ಟಾರ್ಟ್ ಮಾಡು

ಶಾಂತ,

ಟಿಲ್ಲರ್‌ಗೆ ಹೊಸ ಫಿಲ್ಟರ್ ತರೋಕೆ ಮೊದಲನೇ ಬಸ್ಸಿಗೆ ತುರುವೇಕೆರೆಗೆ ಹೋಗ್ತಿದೀನಿ. ನೀನು ಮಲಗಿದ್ದೆ, ಎಬ್ಬಿಸಲಿಲ್ಲ ಕಣಮ್ಮ. ಹಳೇ ಫಿಲ್ಟರ್ ಇವತ್ತೊಂದು ದಿನ ತಡೆಯುತ್ತೆ.

ನಮ್ಮ ರೇಣುಕಪ್ಪ ತೀರ್ಕೊಂಡಾಗಿಂದ ಅದು ಕೊಟ್ಟಿಗೇಲಿ ನಿಂತೇ ಇತ್ತಲ್ಲ. ಡೀಸೆಲ್‌ಗೆ ನೀರು ಸೇರಿ ಪೈಪಲ್ಲಿ ಗಾಳಿ ಹಿಡಿದಿತ್ತು. ಅದಕ್ಕೇ ನಾವು ಎಷ್ಟು ತಿರುಗಿಸಿದ್ರೂ ಸ್ಟಾರ್ಟ್ ಆಗ್ತಿರಲಿಲ್ಲ. ನಿನ್ನೆ ಎಲ್ಲ ಬಸಿದು ಬೇರೆ ಡೀಸೆಲ್ ಹಾಕಿ ತಿರುಗಿಸಿದೆ, ಸ್ಟಾರ್ಟ್ ಆಯ್ತು.

ಆ ಸದ್ದಿಗೆ ಗಂಡನೇ ಬಂದ ಅಂದ್ಕೊಂಡು ನೀನು ಹಿಟ್ಟಿನ ಕೈಯಲ್ಲೇ ಓಡಿ ಬಂದು "ಬಂದ್ರಾ?" ಅಂದೆ. ನನ್ನ ನೋಡಿ ಹಂಗೇ ನಿಂತ್ಬುಟ್ಟೆ. ನಾನು ಎಂಜಿನ್ ಆಫ್ ಮಾಡಿದೆ. ಮಾಡಬಾರದಿತ್ತೇನೋ.

ಮಳೆ ಹದ ಆರೋದ್ರೊಳಗೆ ತೆಂಗಿನ ಸಾಲು ಉಳಬೇಕು. ಓಡಿಸೋದನ್ನ ನನ್ನ ಮಗನೇ ನಿನಗೆ ಕಲಿಸಿದ್ದ. ಮೊದಲು ಡೀಸೆಲ್ ಪೈಪಿನ ನಟ್ಟು ಸಡಿಲಿಸಿ, ಗುಳ್ಳೆ ಬರೋದು ನಿಂತ ಮೇಲೆ ಬಿಗಿ ಮಾಡು. ಎಂಜಿನ್ ಮೇಲಿನ ಚಿಕ್ಕ ಲಿವರ್ ಎತ್ತಿ ಹಿಡ್ಕೊಂಡು ಸ್ಟಾರ್ಟ್ ಮಾಡೋ ಹ್ಯಾಂಡಲ್ ಜೋರಾಗಿ ತಿರುಗಿಸು, ವೇಗ ಬಂದಾಗ ಲಿವರ್ ಬುಡು. ಹೆಬ್ಬೆರಳು ಸುತ್ತಿ ಹಿಡೀಬೇಡ, ಹ್ಯಾಂಡಲ್ ತಿರುಗಿ ಹೊಡೆದ್ರೆ ಕೈ ಮುರಿಯುತ್ತೆ. ಹೆಂಗಸು ಟಿಲ್ಲರ್ ಓಡಿಸ್ತಾಳೆ ಅಂತ ಯಾರಾದ್ರೂ ನಕ್ರೆ ನಗ್ಲಿ.

ನಿನ್ನ ಕೈಯಿಂದಲೇ ಸ್ಟಾರ್ಟ್ ಆದ್ರೆ, ಆ ಸದ್ದು ನಿನಗೆ ಮತ್ತೆ ಮೋಸ ಮಾಡಲ್ಲ. ಮಧ್ಯಾಹ್ನ ಬಸ್ಸಿಳಿದಾಗ ತೋಟದ ಕಡೆಯಿಂದ ಸದ್ದು ಕೇಳಿದ್ರೆ, ಅದು ಅವನಲ್ಲ, ನಮ್ಮ ಶಾಂತ, ಓಡಬೇಡ ಅಂತ ಕಾಲಿಗೆ ಹೇಳ್ಕೊಂಡು ನಿಧಾನವಾಗಿ ನಡ್ಕೊಂಡು ಬತ್ತೀನಿ.

ನಿನ್ನ ಮಾವ