ಮಾಲವಿಕಾ ಹಟ ಮಾಡುವುದಿಲ್ಲ

ಬಸವೇಶ್ವರನಗರ, ಬೆಂಗಳೂರು
೧೮ ಮೇ ೨೦೨೫, ಭಾನುವಾರ

ಪ್ರೀತಿಯ ಅವ್ವನವರಿಗೆ,

ನಿಮ್ಮ ಶೋಭಾರಾಣಿಯ ಶರಣು ಶರಣಾರ್ಥಿಗಳು. ಅಪ್ಪಾಜಿಯವರಿಗೂ, ಅಮರೇಶಣ್ಣನಿಗೂ, ಅತ್ತಿಗೆಗೂ ತಿಳಿಸಿ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ಸಿದ್ದುವಿಗೆ ದವಡೆ ಹಲ್ಲು ಬರುತ್ತಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತಾನೆ, ಎತ್ತಿಕೊಳ್ಳಲು ಬಂದ ಓನರ್ ಆಂಟಿಯ ಭುಜವನ್ನೂ ಬಿಡಲಿಲ್ಲ.

ಕಾಗದ ತಡವಾಯಿತು, ಕ್ಷಮಿಸಬೇಕು. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಎದ್ದುಬಿಡುತ್ತಿದ್ದೆ. ಈ ಕಾಲದಲ್ಲಿ ಯಾರು ಕಾಗದ ಬರೀತಾರೆ ಎಂದು ನಿಮ್ಮ ಅಳಿಯ ನಗುತ್ತಾರೆ. ಏನು ಮಾಡಲಿ, ನಾನು ಫೋನ್ ಮಾಡಿದಾಗಲೆಲ್ಲ ಅಪ್ಪಾಜಿ ಎತ್ತಿಕೊಂಡು ‘ಪೂಜಿಗೆ ಕುಂತಾಳವ್ವ’ ಎನ್ನುತ್ತಾರೆ. ಮಧ್ಯಾಹ್ನ ಊಟದ ಮೇಲೂ ಪೂಜೆ, ಸಂಜೆ ಧಾರಾವಾಹಿಯ ಹೊತ್ತಿಗೂ ಪೂಜೆ. ಪಾಪ, ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಹಿಂದೆ ಟಿವಿಯ ಸದ್ದು ನನಗೆ ಕೇಳುತ್ತಲೇ ಇರುತ್ತದೆ. ಮಾಲವಿಕಾ ಮಾಡಿದರೆ ಮಾತ್ರ ಮೊದಲ ರಿಂಗಿಗೇ ನಿಮ್ಮ ದನಿ. ಕಾಗದವನ್ನಾದರೆ ನೀವು ಓದದೆ ಎತ್ತಿಡುವವರಲ್ಲ ಎಂದು ಧೈರ್ಯ ಮಾಡಿದ್ದೇನೆ.

ನಿಮಗೆ ನನ್ನ ಮೇಲೆ ಸಿಟ್ಟು ಬಂದಿದೆ. ನಿಮ್ಮ ಮಗಳು ಸೌಮ್ಯಕ್ಕ ಬಿಟ್ಟುಹೋದ ಒಂದೇ ಒಂದು ಕೂಸು ಮಾಲವಿಕಾಳನ್ನು, ಅವರ ಜಾಗಕ್ಕೆ ಎರಡನೆಯವಳಾಗಿ ಬಂದ ನಾನು ನಿಮ್ಮಿಂದ ದೂರ ಎಳೆದುಕೊಂಡು ಹೋಗುತ್ತಿದ್ದೇನೆ ಎಂದು. ದಾವಣಗೆರೆಗೆ ಬರಬಹುದಾಗಿದ್ದ ಸಂಸಾರವನ್ನು ಕೊಯಮತ್ತೂರಿಗೆ ಹೊರಡಿಸಿದವಳು ನಾನೇ ಎಂದು. ಇವರ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ, ಹೊರಡಿಸಿದವಳು ನಾನೇ. ಆದರೆ ಏಕೆ ಎಂಬುದನ್ನು ನೀವು ನನ್ನಿಂದ ಕೇಳಬೇಕು, ಓಣಿಯವರಿಂದಲ್ಲ.

ಇವರ ಪಂಪ್‌ಸೆಟ್ ಕಂಪನಿ ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನ ಶೆಡ್ಡನ್ನು ಮಾರಿದ್ದು ನಿಮಗೆ ತಿಳಿದೇ ಇದೆ. ಅಲ್ಲಿ ಅಪಾರ್ಟ್‌ಮೆಂಟು ಏಳುತ್ತದಂತೆ. ಇವರಿಗೆ ಎರಡು ಜಾಗ ತೋರಿಸಿದರು, ದಾವಣಗೆರೆಯ ಡಿಪೋ ಇಲ್ಲವೇ ಕೊಯಮತ್ತೂರಿನ ಕಾರ್ಖಾನೆ. ಮಕ್ಕಳ ಸ್ಕೂಲು ಶುರುವಾಗುವುದರೊಳಗೆ ಹೋಗಿ ಸೇರಬೇಕು. ‘ಎರಡೂ ಕಡೆ ಕೆಲಸ ಅದೇ, ಸಂಬಳ ಅದೇ. ಮನೆ ನಡೆಸೋಳು ನೀನು, ನೀನ್ ಹೇಳ್ದಂಗೆ ಕಣೇ’ ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು. ನಿಮ್ಮ ಅಳಿಯನ ಸ್ವಭಾವ ನಿಮಗೆ ಹೊಸದಲ್ಲ.

ಮೊದಲ ದಿನ ನನಗೆ ಅದೊಂದು ಆಯ್ಕೆ ಎಂದೇ ಅನ್ನಿಸಲಿಲ್ಲ. ದಾವಣಗೆರೆಯೆಂದರೆ ನಮ್ಮ ಮಾತು, ನಮ್ಮ ರೊಟ್ಟಿ, ಸಿದ್ದುವಿಗೆ ಅಜ್ಜನ ಹೆಗಲು. ನಿಮ್ಮ ಮನೆಯಿಂದ ಎರಡು ಬೀದಿ ಆಚೆ ಮನೆ ಖಾಲಿ ಇದೆ ಎಂದು ಅಮರೇಶಣ್ಣ ಫೋಟೊಗಳನ್ನೂ ಕಳಿಸಿಬಿಟ್ಟಿದ್ದ. ಕೊಯಮತ್ತೂರೆಂದರೆ ಗೊತ್ತಿಲ್ಲದ ಭಾಷೆ, ಬಸ್ಸಿನ ಬೋರ್ಡು ಓದಲೂ ಬಾರದ ಊರು, ಮಗುವಿಗೆ ಜ್ವರ ಬಂದರೆ ಯಾರ ಬಾಗಿಲು ತಟ್ಟಬೇಕೆಂದು ತಿಳಿಯದ ಜಾಗ. ‘ಅಲ್ಲಿ ವೆದರ್ ಚೆನ್ನಾಗಿದೆ, ಸ್ಕೂಲ್‌ಗಳೂ ಚೆನ್ನಾಗಿವೆ’ ಎಂದು ಇವರ ಜೊತೆ ಕೆಲಸ ಮಾಡುವವರು ಹೇಳಿದಾಗ, ನಾವೇನು ಹವೆ ತಿಂದು ಬದುಕಬೇಕೇ ಎಂದುಕೊಂಡೆ. ಮನಸ್ಸಿನಲ್ಲೇ ನಿಮ್ಮ ಅಡುಗೆಮನೆಯಲ್ಲಿ ಕೂತು ನಿಮ್ಮ ಜೊತೆ ಅವರೆಕಾಳು ಬಿಡಿಸಿದ್ದೂ ಆಗಿತ್ತು.

ಅಷ್ಟರಲ್ಲಿ ಮಾಲವಿಕಾ ಬೇಸಗೆ ರಜೆಗೆಂದು ಹೋಗಿದ್ದವಳು ನಿಮ್ಮಲ್ಲಿಂದ ವಾಪಸು ಬಂದಳು.

ಅವಳು ಎಂಥ ಹಟಮಾರಿಯಾಗಿದ್ದಳು ಎಂದು ನಿಮಗೆ ಹೇಳಬೇಕಾಗಿಲ್ಲ. ಪಲ್ಯದಲ್ಲಿ ಕರಿಬೇವು ಕಂಡರೆ ತಟ್ಟೆ ದೂಡುವವಳು. ಬಲೂನು ಕೊಡಿಸಲಿಲ್ಲ ಎಂದು ಹಾವನೂರು ಸರ್ಕಲ್ಲಿನಲ್ಲಿ ನೆಲಕ್ಕೆ ಕೂತು ಬಸ್ಸು ನಿಲ್ಲಿಸಿದವಳು. ‘ನೀನು ಕೆಟ್ಟಮ್ಮ, ಇನ್ಮೇಲೆ ಮಾತಾಡಲ್ಲ’ ಎಂದು ಕದ ಹಾಕಿಕೊಂಡು, ಹಸಿವಾದ ಮೇಲೆ ತಾನೇ ಬಂದು ನನ್ನ ಸೊಂಟ ತಬ್ಬಿ ನಿಲ್ಲುವವಳು. ನಾನೇನು ಕಡಿಮೆಯೇ, ಬೆನ್ನಿಗೊಂದು ಕೊಟ್ಟದ್ದೂ ಉಂಟು. ನಮ್ಮಿಬ್ಬರ ಗಲಾಟೆಗೆ ಕೆಳಗಿನ ಮನೆಯ ಓನರ್ ಆಂಟಿ ಪೊರಕೆಯ ಹಿಡಿಯಿಂದ ಸೀಲಿಂಗ್ ಕುಟ್ಟುತ್ತಿದ್ದರು.

ಈ ಸಲ ಬಂದವಳು ಬೇರೆಯೇ ಹುಡುಗಿ. ಬಿಸ್ಕತ್ತಿನ ಡಬ್ಬಿ ಅವಳ ಕೈಗೆಟುಕುವಲ್ಲೇ ಇರುತ್ತದೆ. ಅದರ ಪಕ್ಕ ನಿಂತು, ‘ಅಮ್ಮಾ, ಒಂದು ತಗೋಬಹುದಾ?’ ಎಂದು ಕೇಳಿದಳು. ಆಟವಾಡುತ್ತಿದ್ದಾಳೆ ಎಂದುಕೊಂಡು ನಾನೂ ‘ತಗೊಳ್ಳಿ ಮೇಡಂ’ ಎಂದೆ. ಅವಳು ನಗಲಿಲ್ಲ. ತಿಂದ ತಟ್ಟೆಯನ್ನು ತೊಳೆದಿಟ್ಟಳು. ಸಿದ್ದು ಅವಳ ಬಣ್ಣದ ಪೆನ್ಸಿಲು ಮುರಿದರೆ ಉಳಿದವನ್ನೂ ಅವನ ಮುಂದೆಯೇ ಇಟ್ಟಳು. ಕರಿಬೇವನ್ನು ಅಗಿದು ನುಂಗಿದಳು. ‘ಎಷ್ಟು ಒಳ್ಳೆ ಹುಡುಗಿ ಆಗ್ಬಿಟ್ಟಿದಾಳೆ ಕಣಮ್ಮ, ಅಜ್ಜಿ ಚೆನ್ನಾಗಿ ಬುದ್ಧಿ ಕಲ್ಸಿದಾರೆ’ ಎಂದು ಓನರ್ ಆಂಟಿ ಮೆಚ್ಚಿಕೊಂಡರು.

ಒಂದು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುತ್ತಿದ್ದೆ. ಕಣ್ಣಿಗೆ ಸೀಗೆಪುಡಿ ಹೋಯಿತು. ಮೊದಲಾಗಿದ್ದರೆ ಬೀದಿಗೆ ಕೇಳುವಂತೆ ಚೀರಬೇಕಾದವಳು ತುಟಿ ಕಚ್ಚಿಕೊಂಡು ಕೂತಿದ್ದಳು. ಕಣ್ಣು ಕೆಂಪಗೆ, ನೀರು ಸುರಿಯುತ್ತಿದೆ, ದನಿಯಿಲ್ಲ. ‘ಅತ್ಬಿಡೇ, ಉರಿಯಲ್ವಾ ನಿಂಗೆ?’ ಎಂದೆ.

‘ನಿಂಗೆ ತೊಂದ್ರೆ ಕೊಡಬಾರ್ದು ಅಮ್ಮ. ಅಜ್ಜಿ ಹೇಳಿದಾರೆ. ಸಿದ್ದು ಕೊಟ್ರೆ ಏನಾಗಲ್ಲ, ಅವನು ನಿನ್ ಹೊಟ್ಟೇಲಿ ಹುಟ್ಟಿದ್ದು. ನಾನು ಒಳ್ಳೇವಳಾಗಿದ್ರೆ ನನ್ನೂ ಪ್ರೀತಿ ಮಾಡ್ತೀಯಂತೆ.’

ಅವ್ವಾ, ನೀವು ಕೆಡುಕು ಬಯಸಿ ಹೇಳಿದ ಮಾತಲ್ಲ ಎಂದು ನನಗೆ ಗೊತ್ತು. ನಿಮ್ಮ ದನಿಯಲ್ಲೇ ಅದು ನನಗೆ ಕೇಳಿಸುತ್ತದೆ: ‘ಹಟ ಮಾಡಬ್ಯಾಡ ನನ ಕೂಸೆ, ಈಗ ಅಕಿಗೂ ಒಬ್ಬ ಮಗ ಆಗ್ಯಾನ, ಹೊಂದ್ಕೊಂಡು ಇರಬೇಕು.’ ತಾಯಿಯನ್ನು ಕಳೆದುಕೊಂಡ ಮಗು ಇನ್ನೊಂದು ಸಲ ಏನನ್ನೂ ಕಳೆದುಕೊಳ್ಳದಿರಲಿ ಎಂಬ ಹೆದರಿಕೆಯಿಂದ, ಅವಳ ತಲೆ ನೇವರಿಸುತ್ತಾ ಹೇಳಿದ್ದೀರಿ. ಮಗಳನ್ನು ಡೆಂಗ್ಯೂ ಜ್ವರಕ್ಕೆ ಕೊಟ್ಟ ತಾಯಿ ಇನ್ನು ಹೇಗೆ ಹೇಳಿಯಾಳು? ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ.

ಆದರೆ ಆ ಮಾತು ಒಳಗೆ ಹೋಗಿ ಏನು ಮಾಡುತ್ತದೆ ಎಂದು ನನಗೆ ಗೊತ್ತಿದೆ, ಅದನ್ನು ತಿಂದೇ ಬೆಳೆದವಳು ನಾನು. ನಮ್ಮಮ್ಮ ತೀರಿಕೊಂಡಾಗ ಹರಿಹರದ ಸೋದರಮಾವ ನನ್ನನ್ನು ಮನೆಗೆ ಕರೆದೊಯ್ದರು. ಅತ್ತೆ ಒಂದು ದಿನವೂ ಕೈಯೆತ್ತಲಿಲ್ಲ, ತಂಗಳು ಹಾಕಲಿಲ್ಲ. ಆದರೆ ಮನೆಗೆ ಬಂದವರೆಲ್ಲ ನನ್ನ ಗಲ್ಲ ಸವರಿ ‘ಚೆನ್ನಾಗಿ ನಡಕೋ ತಂಗಿ, ಅತ್ತೆಗೆ ಭಾರ ಆಗಬ್ಯಾಡ’ ಎಂದು ಹೇಳಿ ಹೋಗುತ್ತಿದ್ದರು. ನಾನು ಚೆನ್ನಾಗಿ ನಡೆದುಕೊಂಡೆ. ಮದುವೆಯಾಗಿ ಹೊರಡುವವರೆಗೂ ಆ ಮನೆಯಲ್ಲಿ ನಾನಾಗಿ ಇನ್ನೊಂದು ಸೌಟು ಸಾರು ಕೇಳಿದವಳಲ್ಲ. ಅತ್ತೆ ಹಾಕುತ್ತಿದ್ದರು ಅವ್ವಾ, ಕೇಳಿದ್ದರೆ ಖಂಡಿತ ಹಾಕುತ್ತಿದ್ದರು.

ಮದುವೆಯಾದ ಹೊಸತರಲ್ಲಿ ನೀವು ನನ್ನನ್ನು ಕರೆಸಿ, ಸೌಮ್ಯಕ್ಕನ ಫೋಟೊದ ಮುಂದೆ ಕೂರಿಸಿ ಉಡಿ ತುಂಬಿದಿರಿ. ಅಕ್ಕಿ, ಕೊಬ್ಬರಿ, ಹಸಿರು ಕುಪ್ಪಸದ ಬಟ್ಟೆ. ‘ಇವತ್ತಿನಿಂದ ನಮ್ಮನಿ ಮಗಳು ನೀನು, ಇದು ನಿನ ತವರುಮನಿ’ ಎಂದಿರಿ. ಸಂಪ್ರದಾಯಕ್ಕೆ ಎಲ್ಲರೂ ಹೇಳುವ ಮಾತು ಎಂದು ನಾನು ತಲೆ ಬಗ್ಗಿಸಿ ಕೂತಿದ್ದೆ. ಊಟಕ್ಕೆ ಕೂತಾಗ ಹೋಳಿಗೆ ಸಾಕು ಎಂದೆ. ನೀವು ‘ಸಾಕಂತ ಸಾಕು, ಎಲುಬು ಕಾಣಾಕತ್ತಾವು, ಸುಮ್ನೆ ತಿನ್ನು’ ಎಂದು ಗದರಿ ತಟ್ಟೆಗೆ ಹಾಕಿದಿರಿ. ಆ ದಿನ ಹಿತ್ತಲಿಗೆ ಹೋಗಿ ಅತ್ತಿದ್ದೆ. ನನ್ನನ್ನು ಅಲ್ಲಿಯವರೆಗೆ ಯಾರೂ ಗದರಿರಲಿಲ್ಲ, ತಬ್ಬಲಿಯನ್ನು ಬೈಯಬಾರದಲ್ಲವೇ. ನನಗೂ ತಾಯಿ ಸಿಕ್ಕಳು ಎಂದು ನಂಬಿದ್ದು ಆ ಹೋಳಿಗೆಯಿಂದಲೇ.

ಹಾಗಿರುವಾಗ ನಿಮ್ಮ ಊರನ್ನು ಬೇಡ ಎನ್ನುವುದು ನನಗೆ ಸುಲಭವಾಗಿರಲಿಲ್ಲ. ಇವರು ಆಫೀಸಿಗೆ ಊರಿನ ಹೆಸರು ಹೇಳಬೇಕಾದ ದಿನದ ಹಿಂದಿನ ಸಂಜೆಯವರೆಗೂ ಮನಸ್ಸು ಆ ಕಡೆ ಈ ಕಡೆ ತುಯ್ದಾಡುತ್ತಿತ್ತು. ಆಗ ಅಮರೇಶಣ್ಣನ ಮಗನ ಜವಳ ನೆನಪಾಯಿತು. ಮಾಲವಿಕಾ ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹೋಗುತ್ತಿದ್ದಳು. ಎಲ್ಲರೂ ‘ಥೇಟ್ ಸೌಮ್ಯನ ಮುಖ’ ಎಂದು ಕಣ್ಣೊರೆಸಿಕೊಂಡು, ಕೈಗೆ ಒಂದೊಂದು ಉಂಡೆ ಕೊಟ್ಟು, ‘ಜಾಣೆಯಾಗಿರು’ ಎನ್ನುತ್ತಿದ್ದರು. ಅವಳು ಎರಡೂ ಕೈಯಲ್ಲಿ ಉಂಡೆ ಹಿಡಿದುಕೊಂಡು ತಿನ್ನದೆ ನಿಂತಿದ್ದಳು. ಇಲ್ಲಿ ಮನೆಯ ಹಾಲಿನಲ್ಲಿ ಸೌಮ್ಯಕ್ಕನ ಫೋಟೊ ಇದೆ, ಅದಕ್ಕೆ ಹೂ ಇಡುವವಳು ಮಾಲವಿಕಾಳೇ. ತನಗೆ ಇಬ್ಬರು ಅಮ್ಮಂದಿರು ಎಂದು ಸ್ಕೂಲಿನಲ್ಲಿ ಜಂಬ ಕೊಚ್ಚಿಕೊಂಡು ಬಂದವಳು ಅವಳು. ದಾವಣಗೆರೆಯವರ ಕಣ್ಣಿಗೆ ಮಾತ್ರ ಅವಳಿಗೆ ಒಬ್ಬಳೂ ಇಲ್ಲ. ಆ ಊರಿನ ತುಂಬ ಅವಳನ್ನು ಪ್ರೀತಿಸುವವರಿದ್ದಾರೆ, ಅವರಲ್ಲಿ ಒಬ್ಬರೂ ಅವಳನ್ನು ಹಟ ಮಾಡಲು ಬಿಡುವುದಿಲ್ಲ.

ಅದಕ್ಕೇ ಕೊಯಮತ್ತೂರು ಎಂದೆ. ಅಲ್ಲಿ ನಮ್ಮನ್ನು ಯಾರೂ ಅರಿಯರು. ಬೀದಿಯವರಿಗೆ ಅವಳು ಮೇಲಿನ ಮನೆಯ ಕನ್ನಡದವರ ಗಲಾಟೆ ಹುಡುಗಿ ಮಾತ್ರ. ಹಾಗಾಗಲಿ ಎಂಬುದೊಂದೇ ನನ್ನ ಆಸೆ. ತಪ್ಪು ಮಾಡುತ್ತಿದ್ದೇನೋ ಏನೋ, ದೂರ ಹೋದ ಮಾತ್ರಕ್ಕೆ ಮನಸ್ಸಿಗೆ ಹೊಕ್ಕ ಮಾತು ಹೊರಗೆ ಬರುತ್ತದೆಯೇ ಎಂದು ನನಗೂ ಅನುಮಾನವಿದೆ.

‘ಅವರು ಹೋಗೋದಾದ್ರೆ ಹೋಗ್ಲಿ, ಕೂಸನ್ನ ನಮ್ಮ ಹತ್ರ ಬಿಟ್ಟು ಹೋಗ್ಲಿ’ ಎಂದು ನೀವು ಅಮರೇಶಣ್ಣನ ಕೈಲಿ ಹೇಳಿಸಿದ್ದನ್ನು ಇವರು ನನಗೆ ತಿಳಿಸಿದರು. ನನಗೆ ಸಿಟ್ಟು ಬರಲಿಲ್ಲ. ನೋವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅವಳನ್ನು ಬಿಟ್ಟು ನಾನು ಎಲ್ಲಿಗೂ ಹೋಗುವವಳಲ್ಲ ಅವ್ವಾ. ಇದೊಂದು ಮಾತಿಗೆ ನಾನೂ ಹಟಮಾರಿಯೇ.

ಒಂದು ಕೇಳಿಕೊಳ್ಳುತ್ತೇನೆ. ತಿಂಗಳ ಕೊನೆಗೆ ಲಾರಿ ಬರುತ್ತದೆ. ಅದಕ್ಕೆ ಮುಂಚೆ ಅಪ್ಪಾಜಿಯನ್ನು ಕರೆದುಕೊಂಡು ಒಂದು ಸಲ ಬನ್ನಿ. ನನ್ನ ಜೊತೆ ಮಾತಾಡದಿದ್ದರೂ ಸರಿ. ಅವಳನ್ನು ಹತ್ತಿರ ಕೂರಿಸಿಕೊಂಡು, ‘ನಿಮ್ಮಮ್ಮನ ಜೊತೆ ಬೇಕಾದಷ್ಟು ಜಗಳ ಆಡು, ಅಕಿ ಎಲ್ಲೂ ಹೋಗಂಗಿಲ್ಲ’ ಎಂದು ನಿಮ್ಮ ಬಾಯಿಂದ ಹೇಳಿ. ನಾನು ಹೇಳಿ ಹೇಳಿ ಸೋತಿದ್ದೇನೆ. ತಲೆಯಾಡಿಸಿ, ಹೋಗಿ ತಮ್ಮನ ಆಟದ ಸಾಮಾನು ಜೋಡಿಸಿಡುತ್ತಾಳೆ. ಅವಳಿಗೆ ನಿಮ್ಮ ಮಾತೇ ಮಾತು. ಕಟ್ಟಿದ ಗಂಟನ್ನು ನೀವೇ ಬಿಚ್ಚಬೇಕು, ನನ್ನ ಕೈಲಾಗುತ್ತಿಲ್ಲ.

ನಿಮ್ಮ ಮಂಡಿನೋವಿನ ಎಣ್ಣೆ ತಂದಿಟ್ಟಿದ್ದೇನೆ, ಬಂದಾಗ ಕೊಡುತ್ತೇನೆ. ಅಪ್ಪಾಜಿಗೆ ಬಿಪಿ ಮಾತ್ರೆ ತಪ್ಪಿಸದಿರಲು ಹೇಳಿ. ಅಮರೇಶಣ್ಣನ ಮಗುವಿಗೆ ನನ್ನ ಮುತ್ತು. ನಮ್ಮ ನಾಲ್ವರ ಮೇಲೂ ನಿಮ್ಮ ಆಶೀರ್ವಾದವಿರಲಿ. ನಾಲ್ವರಲ್ಲಿ ನನ್ನನ್ನು ಕೈಬಿಡಬೇಡಿ, ನನಗೆ ಬೇರೆ ತವರಿಲ್ಲ.

ನಿಮ್ಮ ಮಗಳು,
ಶೋಭಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಇವರಿಗೂ ಹೇಳಿಲ್ಲ. ನಿನ್ನೆ ಮಾಲವಿಕಾಳನ್ನು ಕೂರಿಸಿಕೊಂಡು, ಕೊಯಮತ್ತೂರಿಗೆ ಹೋಗ್ತೀವಿ ಕಣೇ, ಹೊಸ ಮನೆ, ಹೊಸ ಸ್ಕೂಲು ಎಂದೆ. ಅಜ್ಜಿ ಊರೇ ಬೇಕು ಎಂದು ಅವಳು ನೆಲಕ್ಕೆ ಬಿದ್ದು ಹೊರಳಾಡಲಿ ಎಂದು ಕಾದೆ. ಹಾಗೆ ಮಾಡಿದ್ದರೆ ಎಲ್ಲ ಬದಲಾಯಿಸಿ ದಾವಣಗೆರೆಗೇ ಬಂದುಬಿಡುತ್ತಿದ್ದೆ. ಅವಳು ‘ಹೂಂ’ ಎಂದು ಒಳಗೆ ಹೋದಳು. ತನ್ನ ಬಟ್ಟೆಗಳನ್ನು ಮಡಿಸಿ ಸ್ಕೂಲ್ ಬ್ಯಾಗಿಗೆ ತುಂಬಿಕೊಂಡು ಬಂದು ನನ್ನೆದುರು ನಿಂತಳು.

‘ನಾನೂ ನಿಮ್ ಜೊತೆ ಬರ್ತೀನಾ ಅಮ್ಮ, ಇಲ್ಲ ಅಜ್ಜಿ ಮನೆಗಾ?’ ಎಂದಳು. ಮತ್ತೆ ಅವಳೇ ಹೇಳಿದಳು, ‘ಯಾವ ಊರಾದ್ರೂ ಪರವಾಗಿಲ್ಲ. ನಿಂಗೆ ಯಾವ್ದು ಸುಲಭನೋ ಅದು.’