ಎದುರು ಕುರ್ಚಿಯ ಕೆಲಸ

ಅಂಗಡಿಯ ಮೇಜಿನಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ರೋಗಿಗಳನ್ನು ಎತ್ತಿ ಎಕ್ಸ್‌ರೇ ಮೇಜಿನ ಮೇಲೆ ಮಲಗಿಸುವ ಕೆಲಸ, ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ. ಇದನ್ನು ಫೋನಿನಲ್ಲಿ ಹೇಳಿದರೆ ನೀನು ನಂಬುವುದಿಲ್ಲ. ನಾನೂ ನಿನ್ನ ದನಿ ಕೇಳಿದ ಕೂಡಲೇ ಹೇಳಬೇಕಾದ್ದನ್ನು ಬಿಟ್ಟು ಬೇರೇನೋ ಮಾತಾಡಿಬಿಡುತ್ತೇನೆ. ಅದಕ್ಕೇ ಬರೆಯಲು ಕೂತೆ.

ಲೈಬ್ರರಿಯಮ್ಮ ನಿನಗೆ ಫೋನ್ ಮಾಡಿ ಹೇಳಿದ್ದು ಸುಳ್ಳಲ್ಲ. ಅವರು ಕಳಿಸಿದ ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಹಾಕಿ ಕೊಟ್ಟಿದ್ದೆ. ಮೂರು ವಾಪಸು ಬಂದವು. ಒಂದರಲ್ಲಿ ನಲವತ್ತೆಂಟನೇ ಪುಟವಾದ ಮೇಲೆ ಅರವತ್ತೈದು. ಇನ್ನೊಂದರಲ್ಲಿ ಹದಿನಾರು ಪುಟ ತಲೆಕೆಳಗು. ನಲವತ್ತು ವರ್ಷದಲ್ಲಿ ನಮ್ಮ ಅಂಗಡಿಗೆ ಒಂದು ಪುಸ್ತಕವೂ ಹೀಗೆ ಹಿಂದೆ ಬಂದಿರಲಿಲ್ಲ. ದಾರ ಬಿಚ್ಚಿ ಮತ್ತೆ ಹೊಲಿದು ಕೊಟ್ಟೆ. ಮುಂದಿನ ಕಂತಿನಲ್ಲಿ ಮತ್ತೆ ಎರಡು. ಆಕೆ ಬೈಯಲಿಲ್ಲ. "ವಯಸ್ಸಾಯ್ತಲ್ಲ ಯಜಮಾನ್ರೇ, ಸಾಕು ಬಿಡಿ" ಎಂದರು. ಬೈದಿದ್ದರೇ ಚೆನ್ನಾಗಿತ್ತು. ಆಮೇಲೆ ನಾನು ಸುತ್ತಿಗೆ ಎಲ್ಲಿಟ್ಟೆ ಎಂದು ಹುಡುಕುವಾಗಲೂ ಇದೂ ಮರೆವೇ ಇರಬೇಕೆನ್ನಿಸತೊಡಗಿತು. ನನ್ನ ಅಪ್ಪ ಕೊನೆಗಾಲದಲ್ಲಿ ನನ್ನನ್ನೇ ಯಾರು ನೀನು ಎಂದು ಕೇಳುತ್ತಿದ್ದರು, ನಿನಗೆ ಗೊತ್ತಲ್ಲ. ಸರಿ, ನನ್ನ ಸರದಿ ಬಂತು ಎಂದು ಡೈರಿಯಲ್ಲಿ ಒಂದೇ ಸಾಲು ಬರೆದು ಮುಚ್ಚಿಟ್ಟೆ. ಅದೇ ವಾರ ನಿನ್ನ ಕಾಗದ ಬಂತು, ಕೆಲಸ ಬಿಟ್ಟು ಬರುತ್ತೇನೆ ಎಂದು.

ನಿನ್ನ ಕಾಗದ ಓದಿದ ಮೇಲೆ ಡಾಕ್ಟರ ಹತ್ತಿರ ಹೋದೆ. ನಿಮ್ಮಮ್ಮ ತೀರಿಕೊಂಡು ಮಾಸಿಕಗಳು ಮುಗಿದ ಮೇಲೆ ತಪಾಸಣೆ ಮಾಡಿಸಿಕೋ ಎಂದು ನೀನು ಗೋಗರೆದಿದ್ದೆ, ನಾನು ಹೋಗಿರಲಿಲ್ಲ. ಹೆಂಗಸು ಡಾಕ್ಟರು, ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಗಡಿಯಾರದ ಚಿತ್ರ ಬರೆಸಿದರು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರು. ತಾವೇ ಐದು ಪದ ಹೇಳಿ, ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ ಎಂದರು. ನಾಲ್ಕು ಹೇಳಿದೆ, ಐದನೆಯದು ಏನು ಮಾಡಿದರೂ ಬರಲೊಲ್ಲದು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಥಟ್ಟನೆ ಬಂತು: ಛತ್ರಿ. ಮತ್ತೆ ಮೇಲೆ ಹತ್ತಿ, ಬಾಗಿಲಲ್ಲಿ ತಲೆಹಾಕಿ "ಛತ್ರಿ" ಎಂದೆ. ಒಳಗೆ ಬೇರೆ ರೋಗಿ ಕೂತಿದ್ದ, ಪಾಪ, ತನಗೇ ಹೇಳಿದೆ ಎಂದುಕೊಂಡು ಸುತ್ತ ಹುಡುಕತೊಡಗಿದ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಅವನನ್ನು ಕಳಿಸಿದ ಮೇಲೆ ನನ್ನನ್ನು ಇನ್ನೊಮ್ಮೆ ಕೂರಿಸಿಕೊಂಡು ಕೆಲಸದ ಬಗ್ಗೆ ಕೇಳಿದರು. ಹೇಳಿದೆ. ಹಳೆಯ ಪುಸ್ತಕ ಬಿಚ್ಚಿ, ಹರಿದ ಮಡಿಕೆಗಳಿಗೆ ಕಾಗದ ಅಂಟಿಸಿ, ಒಣಗಲು ಹರಡುತ್ತೇವೆ. ಹದಿನಾರು ಪುಟದ ಒಂದೊಂದು ಕಟ್ಟು. ಒಣಗಿದ ಮೇಲೆ ಜೋಡಿಸಿಕೊಂಡು ನಾನು ಹೊಲಿಯುತ್ತೇನೆ.

ಜೋಡಿಸುತ್ತಿದ್ದವರು ಯಾರು ಎಂದರು.

ನನ್ನ ಹೆಂಡತಿ ಎಂದೆ.

"ಹಾಗಾದ್ರೆ ನೀವು ಮರೆತಿಲ್ಲ. ನೀವು ಕಲಿತೇ ಇಲ್ಲ."

ಪುಟ್ಟೀ, ಆಗಲೇ ನನಗೆ ಅದು ಹೊಳೆದದ್ದು. ನಲವತ್ತು ವರ್ಷ ಅವಳು ಮೇಜಿನ ಆ ಕಡೆ ಕೂತು ಏನೋ ಗೊಣಗುತ್ತಾ ಕಟ್ಟುಗಳನ್ನು ನನ್ನ ಕೈಗೆ ದಾಟಿಸುತ್ತಿದ್ದಳು. ನನ್ನ ಮೇಲಿನ ದೂರೇ ಇರಬೇಕೆಂದು ನಾನು ತಲೆ ಎತ್ತುತ್ತಲೇ ಇರಲಿಲ್ಲ. ಅವಳು ಹೇಳಿಕೊಳ್ಳುತ್ತಿದ್ದುದು ಪ್ರತಿ ಕಟ್ಟಿನ ಮೊದಲ ಪುಟದ ಸಂಖ್ಯೆ. ಒಂದು, ಹದಿನೇಳು, ಮೂವತ್ಮೂರು, ನಲವತ್ತೊಂಬತ್ತು. ನನ್ನ ತಲೆಯ ಅರ್ಧ ಕೆಲಸ ಅವಳ ಬಾಯಲ್ಲಿತ್ತು. ಅವಳಿಗೆ ಇದನ್ನು ಹೇಳಿ ಒಂದು ಒಳ್ಳೆಯ ಮಾತಾಡಲು ಈಗ ಅವಳಿಲ್ಲ.

ಡಾಕ್ಟರು ರಕ್ತದೊತ್ತಡಕ್ಕೆ ಮಾತ್ರೆ ಕೊಟ್ಟರು. ನಡೆಯಿರಿ, ನಿದ್ದೆ ಕೆಡಿಸಿಕೊಳ್ಳಬೇಡಿ, ಒಬ್ಬರೇ ಕೂತು ಉಣ್ಣಬೇಡಿ, ಗೊತ್ತಿಲ್ಲದ್ದೊಂದು ಕಲಿಯಿರಿ ಎಂದರು. ಹೀಗೆ ಮಾಡಿದರೆ ಮರೆವು ಬರುವುದೇ ಇಲ್ಲವೇ ಎಂದು ಕೇಳಿದೆ. ಹಾಗೆ ಮಾತು ಕೊಡಲಾಗುವುದಿಲ್ಲ, ಆದರೆ ಮಿದುಳಿಗೆ ಒಳ್ಳೆಯದು ಎಂದರು. ಸುಳ್ಳು ಹೇಳಲಿಲ್ಲವೆಂದು ಅವರ ಮೇಲೆ ಗೌರವ ಹುಟ್ಟಿತು.

ಕಲಿಯಲು ದೂರ ಹೋಗಬೇಕಾಗಲಿಲ್ಲ. ಮರುದಿನ ಅವಳ ಕುರ್ಚಿಯಲ್ಲಿ ಕೂತೆ. ಮೊದಲ ವಾರ ಜೋಡಿಸಿದ್ದನ್ನೇ ಮೂರು ಸಲ ಕೆದರಿ ಜೋಡಿಸಿದೆ. ಪಕ್ಕದ ಮನೆಯ ಕಂಡಕ್ಟರ್ ಮಾಮ, ರಿಟೈರಾದರೂ ದನಿ ಇನ್ನೂ ಬಸ್ಸಿನದೇ, ಬಾಗಿಲಲ್ಲಿ ನಿಂತು ನೋಡಿ "ಏನಯ್ಯಾ, ಪುಸ್ತಕಕ್ಕೆ ಪುಟ ಹುಡುಕ್ತಿದ್ದೀಯೋ, ಪುಟಕ್ಕೆ ಪುಸ್ತಕವೋ?" ಎಂದ. ಕರೆದು ಎದುರಿಗೆ ಕೂರಿಸಿದೆ. ಈಗ ದಿನಾ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡಿ ಕೆಲಸಕ್ಕೆ ಕೂರುತ್ತೇವೆ. ನಾನು ಜೋಡಿಸುತ್ತೇನೆ, ಅವನು ಕೂಗುತ್ತಾನೆ: "ಹದಿನೇಳು ಹತ್ತಿತಾ? ಮೂವತ್ಮೂರು, ಒಳಗೆ ಬಾ, ಒಳಗೆ ಬಾ!" ರಸ್ತೆಯಲ್ಲಿ ಹೋಗುವವರು ಇಣುಕಿ ನೋಡುತ್ತಾರೆ. ಸಂಜೆ ನನ್ನನ್ನು ಕೆರೆಯ ಸುತ್ತ ಎರಡು ಸುತ್ತು ನಡೆಸದೆ ಬಿಡುವುದಿಲ್ಲ. ಅವಳು ಹೋದ ಮೇಲೆ ಅಂಗಡಿಯಲ್ಲಿ ಮೊದಲ ಬಾರಿ ನಕ್ಕದ್ದು ಅವನಿಂದ. ಆ ಋಣ ದೊಡ್ಡದು. ಕಳೆದ ಒಂದು ತಿಂಗಳಲ್ಲಿ ಮೂವತ್ತೊಂದು ಪುಸ್ತಕ ಕೊಟ್ಟೆ, ಲೈಬ್ರರಿಯಮ್ಮ ಅಷ್ಟನ್ನೂ ತಿರುವಿ ನೋಡಿ, ಒಂದನ್ನೂ ವಾಪಸು ಕೊಡದೆ ಮುಂದಿನ ಕಂತು ಕೈಗಿಟ್ಟರು.

ಎಲ್ಲ ಸರಿಯಾಯಿತೆಂದು ಹೇಳುವುದಿಲ್ಲ. ಮೊನ್ನೆ ಅಂಚೆ ಕಚೇರಿಯ ಎದುರು ನಿಂತು, ಯಾಕೆ ಬಂದೆ ಎಂದು ಯೋಚಿಸಿದೆ. ಅದನ್ನೂ ಡಾಕ್ಟರಿಗೆ ಹೇಳಲು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ನಿನ್ನ ಹಟ ಇಲ್ಲದಿದ್ದರೆ ನಾನು ಆ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ, ಕೈಹಿಡಿದ ಕೆಲಸ ನಿನ್ನನ್ನು ಕಾಯಲಿ.

ನಿನ್ನ
ಅಪ್ಪ

ಮರೆತಿದ್ದೆ: ಆರು ತಿಂಗಳಿಗೆ ಮತ್ತೆ ಪರೀಕ್ಷೆಯಿದೆ. ಮನೆಯವರೊಬ್ಬರು ಜೊತೆಗಿರಬೇಕಂತೆ, ನಾನು ಗಮನಿಸದ್ದನ್ನು ಅವರು ಹೇಳಬಹುದಂತೆ. ನಿನ್ನ ಹೆಸರು ಬರೆಸಿದ್ದೇನೆ. ರಾಜೀನಾಮೆ ಕೊಡಬೇಡ. ನಾಲ್ಕು ದಿನ ರಜೆ ಹಾಕಿ ಬಾ, ವಾಪಸು ಹೋಗುವ ಟಿಕೆಟನ್ನೂ ಮೊದಲೇ ತೆಗೆಸಿಕೊಂಡು ಬಾ. ಆ ದಿನ ಡಾಕ್ಟರು ಬೇರೆ ಮಾತು ಹೇಳಿದರೆ, ಇರು ಪುಟ್ಟೀ ಎಂದು ನಾನೇ ಬಾಯಿಬಿಟ್ಟು ಕೇಳುತ್ತೇನೆ.